ಮರೆವ್ವನ ಕಥೆಗೆ ಹೂಂ ಅಂದವರು

"ಕಥೆ ಹೇಳೋ ಮುದುಕಿ ಗೋಡೆ ನೋಡ್ಕೊಂಡು ಕಥೆ ಹೇಳೋದಿಲ್ಲ ಕಣಮ್ಮಾ. ನೀನು ಅಳಿಸಿರೋದನ್ನ ವಾಪಸ್ ಹಾಕು."

ಸ್ಫೂರ್ತಿ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಈ ಆಂಟಿಗೆ ಎಡಿಟಿಂಗ್ ಬಗ್ಗೆ ಏನು ಗೊತ್ತು ಎಂಬ ಪ್ರಶ್ನೆ ಕನ್ನಡಕದ ಹಿಂದೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಆಂಟಿ, ಒಂದು ಮಾತನ್ನೂ ಅಳಿಸಿಲ್ಲ. ಬರೀ ನಾಯ್ಸ್ ತೆಗೆದಿದೀನಿ."

"ನನಗೆ ಬೇಕಾಗಿರೋದು ಆ ನಾಯ್ಸೇ."

ಬ್ರೂಕ್‌ಫೀಲ್ಡ್‌ನ ಆ ಫ್ಲ್ಯಾಟಿನ ಒಂದು ಕೋಣೆಯೇ ಅವಳ ಸ್ಟುಡಿಯೊ. ವರ್ತೂರಿನ ಕಟ್ಟಡ ಕೆಲಸದವರು ತಮ್ಮ ಶೆಡ್ಡುಗಳಲ್ಲಿ ಹೇಳಿಕೊಳ್ಳುವ ದೆವ್ವದ ಕಥೆಗಳನ್ನು ಈ ಹುಡುಗಿ ಸಿನಿಮಾ ಮಾಡುತ್ತಿದ್ದಾಳೆ. ಕಥೆ ಹೇಳುವವಳು ಮರೆವ್ವ. ಸುರಪುರದ ಕಡೆಯವಳು, ವಯಸ್ಸು ಅರವತ್ತರ ಹತ್ತಿರ. ಸೋಮವಾರ ಸಂಜೆ ಶೂಟಿಂಗ್ ಮುಗಿದ ಮೇಲೆ ಅವಳು ಕಾಣೆಯಾದಳು. ಇವತ್ತಿಗೆ ಆರನೇ ದಿನ.

ಊರಿಗೆ ಹೋಗಿರ್ತಾಳೆ ಬಿಡಿ ಎಂದರು ಪೊಲೀಸರು. ಕೆರೆಯ ದೆವ್ವ ಕರೆದುಕೊಂಡು ಹೋಯಿತು ಎಂದರು ಶೆಡ್ಡಿನವರು. ಯಾರೋ ಮನುಷ್ಯರೇ ಕರೆದುಕೊಂಡು ಹೋಗಿದ್ದಾರೆ ಎಂದು ಹೇಳಿದವಳು ನಾನೊಬ್ಬಳೇ. ನನ್ನ ಮಾತೇ ಸರಿ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಲಕ್ಷ್ಮವ್ವ ಕೂತಿದ್ದಳು. ಮರೆವ್ವನ ಒಬ್ಬಳೇ ಮಗಳು, ಹೂಡಿಯ ಗಾರ್ಮೆಂಟ್ಸಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಅವಳ ಗಂಡ ಹನುಮೇಶ ಕಟ್ಟುತ್ತಿದ್ದ ಕಟ್ಟಡದ ಐದನೇ ಮಹಡಿಯಿಂದ ಬಿದ್ದು ಸತ್ತ. ಅದಾಗಿ ಹದಿನೈದು ದಿನಕ್ಕೆ ಅಪ್ಪ ಮುದಕಪ್ಪ ವರ್ತೂರು ಕೆರೆಗೆ ಬಿದ್ದ. ದಡದಲ್ಲಿ ಚಪ್ಪಲಿ, ಟವೆಲ್ಲು ಸಿಕ್ಕಿದವೇ ಹೊರತು ಹೆಣ ಸಿಗಲಿಲ್ಲ. ಉಳಿದವಳು ಅವ್ವ ಒಬ್ಬಳೇ. ಅವಳನ್ನು ಹುಡುಕಿಕೊಡಿ ಎಂದು ಲಕ್ಷ್ಮವ್ವ ನನ್ನ ಆಫೀಸಿನ ಮೆಟ್ಟಿಲ ಮೇಲೆ ಬೆಳಗಿನಿಂದ ಕಾದು ಕೂತಿದ್ದಳು.

"ಒರಿಜಿನಲ್ ಫೈಲ್ ಇಟ್ಟಿದೀಯಾ ಇಲ್ವಾ?" ಎಂದೆ.

"ಇದೆ ಆಂಟಿ. ಆದರೆ ಅದರಲ್ಲಿ ಏನೂ ಇಲ್ಲ. ಆವತ್ತು ರೂಮಲ್ಲಿ ಅವರೊಬ್ಬರೇ ಇದ್ದಿದ್ದು. ಯಾರಾದ್ರೂ ನೋಡ್ತಿದ್ರೆ ಬಾಯಿ ಬರಲ್ಲ ಅಂದ್ರು. ಕ್ಯಾಮೆರಾ ಆನ್ ಮಾಡಿ ಇಟ್ಟು ನಾನು ರೋಡಲ್ಲಿ ಟೀ ಕುಡೀತಾ ಇದ್ದೆ."

"ಹೋದ ತಿಂಗಳು ಅಷ್ಟು ಜನರ ಮುಂದೆ ಇದೇ ಕಥೆ ಹೇಳಿದವಳಿಗೆ ಸೋಮವಾರ ನಾಚಿಕೆ ಬಂತಾ?"

ಸ್ಫೂರ್ತಿ ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಫೈಲು ಹುಡುಕತೊಡಗಿದಳು.

ನನ್ನ ಕಿವಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಜಂಬ ಎಂದುಕೊಂಡರೂ ಚಿಂತೆಯಿಲ್ಲ. ಮೂವತ್ತೊಂದು ವರ್ಷ ನಾನು ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಟ್ರಂಕ್ ಕಾಲ್ ಜೋಡಿಸಿದವಳು. ಯಾರ ದನಿ, ಯಾವ ಊರು, ಸಾಲ ಕೇಳುತ್ತಿದ್ದಾನೋ ಸುಳ್ಳು ಹೇಳುತ್ತಿದ್ದಾನೋ, ಬರೀ 'ಹಲೋ'ದಲ್ಲಿ ಹೇಳುತ್ತಿದ್ದೆ. ಕೆಲಸ ಬಿಟ್ಟ ಮೇಲೆ ಮಗಳ ಮನೆಯ ತೊಟ್ಟಿಲು ತೂಗಲು ಬಂದವಳು ಪತ್ತೇದಾರಿ ಆಫೀಸು ತೆರೆದೆ. ಈಗ ವೈಟ್‌ಫೀಲ್ಡ್ ಸುತ್ತ ಸುಮಂಗಲಾ ಮೇಡಂ ಅಂದರೆ ಯಾರು ಎಂದು ಯಾರೂ ಕೇಳುವುದಿಲ್ಲ.

"ಪ್ಲೇ ಮಾಡ್ತೀನಿ," ಎಂದಳು ಸ್ಫೂರ್ತಿ.

ಲ್ಯಾಪ್‌ಟಾಪಿನಲ್ಲಿ ತಗಡಿನ ಗೋಡೆ, ಸಣ್ಣ ದೀಪ, ಮರೆವ್ವನ ಮುಖ. ಹಿಂದೆ ಸೀರೆಯ ಪರದೆಯೊಂದು ಇಳಿಬಿದ್ದಿತ್ತು. ದೀಪ ಹಚ್ಚಿದ ಮೇಲೆಯೇ ಕಥೆ ಎಂಬ ಹಟದಿಂದ ಅವಳು ಸಂಜೆ ಆರೂವರೆಯ ತನಕ ಕಾಯಿಸಿದ್ದಳಂತೆ.

"ಒಂದೂರಾಗ ಒಬ್ಬ ಗಂಡ, ಒಬ್ಬಾಕಿ ಹೆಂಡತಿ ಇದ್ರು."

"ಹೂಂ."

ಸ್ಫೂರ್ತಿ ಕುರ್ಚಿಯಲ್ಲಿ ನೆಟ್ಟಗಾದಳು. ನಾನು ಮಿಸುಕಲಿಲ್ಲ.

"ಗಂಡ ಬಾವ್ಯಾಗ ಬಿದ್ದು ಸತ್ತ."

"ಹೂಂ."

ದನಿ ಆ ಸೀರೆಯ ಪರದೆಯ ಹಿಂದಿನಿಂದ ಬರುತ್ತಿತ್ತು. ಗಂಡಸಿನದು. ಮೊದಲು ಸಣ್ಣಗೆ ಗಂಟಲು ಕೆರೆದಂತೆ, ಆಮೇಲೆ ಹೂಂ.

"ಇದು ನಿಮ್ಮ ಸಾಫ್ಟ್‌ವೇರಿಗೆ ನಾಯ್ಸು," ಎಂದೆ. "ನಮ್ಮ ಕಡೆ ಇದಿಲ್ಲದೆ ಕಥೆ ಮುಂದೆ ಹೋಗೋದೇ ಇಲ್ಲ. ಹೇಳೋರು ಒಬ್ಬರಾದರೆ ಹೂಂಗುಟ್ಟೋಕೆ ಇನ್ನೊಬ್ಬರು ಬೇಕು. ಹೂಂ ನಿಂತರೆ ಕೇಳೋರಿಗೆ ನಿದ್ದೆ ಬಂತು ಅಂತ ಅರ್ಥ, ಅಲ್ಲಿಗೆ ಕಥೆ ಬಂದ್."

"ಮೊದಲನೇ ಪಾರ್ಟಲ್ಲೂ ಅಕ್ಕಪಕ್ಕದವರು ಹಿಂಗೇ ಅಂತಿದ್ರು," ಎಂದಳು ಅವಳು ಮೆಲ್ಲಗೆ. "ಎಲ್ಲಾ ತೆಗೆದುಬಿಟ್ಟೆ. ಆಮೇಲೇನೇ ಅಪ್‌ಲೋಡ್ ಮಾಡಿದ್ದು. ನಮ್ಮಜ್ಜಿ ನನಗೆ ಕಥೆ ಹೇಳ್ತಾನೇ ಇರಲಿಲ್ಲ ಆಂಟಿ, ಟೀವಿ ಹಾಕಿ ಕೊಡ್ತಿದ್ರು."

ಪಾಪ, ಅವಳ ತಪ್ಪೇನೂ ಇಲ್ಲ.

ಬಾಗಿಲ ಪಕ್ಕದಲ್ಲಿ ಸ್ಟೂಲು ಕಿರುಗುಟ್ಟಿತು. ಲಕ್ಷ್ಮವ್ವ ಎದ್ದು ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಮ್ಮಪ್ಪ," ಎಂದಳು.

ಲ್ಯಾಪ್‌ಟಾಪಿನಲ್ಲಿ ಕಥೆ ನಡೆದೇ ಇತ್ತು.

"ಅದು ನಮ್ಮಪ್ಪನ ಹೂಂ ರೀ ಅಕ್ಕಾರ. ಸಣ್ಣಾಕಿ ಇದ್ದಾಗಿಂದ ಕೇಳೀನಿ." ಆಮೇಲೆ, ಉಸಿರು ಎಳೆದುಕೊಳ್ಳುವ ಮೊದಲೇ, "ಎಲ್ಲಿ ಅದಾನ್ರಿ?"

ಸ್ಫೂರ್ತಿ ತೋಳಿನ ಮೇಲೆ ಎದ್ದ ರೋಮವನ್ನು ಉಜ್ಜಿಕೊಂಡಳು. "ಆದರೆ ಅವರು ತೀರಿಕೊಂಡು..."

"ಸತ್ತವರಿಗೆ ಗಂಟಲು ಕೆರೆಯೋದಿಲ್ಲ," ಎಂದೆ. "ಮರೆವ್ವನ ಕೈ ತೋರಿಸು."

ಮರೆವ್ವ ಸೆರಗನ್ನು ಮುಂಗೈ ತನಕ ಎಳೆದುಕೊಂಡು ಕೂತಿದ್ದಳು. ಒಂದೇ ಒಂದು ಕಡೆ, ದೀಪದ ಬತ್ತಿ ಸರಿಮಾಡುವಾಗ, ಸೆರಗು ಜಾರಿತು. ಅಲ್ಲೇ ನಿಲ್ಲಿಸಲು ಹೇಳಿದೆ. ಕೈತುಂಬ ಹಸಿರು ಗಾಜಿನ ಬಳೆ. ಹೋದ ತಿಂಗಳ ಶೂಟಿಂಗಿನಲ್ಲಿ ಅದೇ ಕೈ ಬೋಳಾಗಿತ್ತು.

ಗಂಡ ಸತ್ತನೆಂದು ಬಳೆ ಒಡೆಸಿಕೊಂಡ ಹೆಂಗಸು ಎರಡು ವರ್ಷದ ಮೇಲೆ ಹಸಿರು ಬಳೆ ಇಟ್ಟುಕೊಂಡಿದ್ದಾಳೆ ಎಂದರೆ ಅದಕ್ಕೆ ಒಂದೇ ಕಾರಣ. ಮುದಕಪ್ಪ ಬದುಕಿದ್ದಾನೆ. ಸೋಮವಾರ ಆ ಪರದೆಯ ಹಿಂದೆ ಕೂತು ಹೆಂಡತಿಯ ಕಥೆಗೆ ಹೂಂಗುಟ್ಟಿದ್ದಾನೆ.

ಕಥೆಯನ್ನು ಕೊನೆತನಕ ಕೇಳಿದೆ. ಹೋದ ತಿಂಗಳು ಮರೆವ್ವ ಹೇಳಿದ ಕಥೆಯಲ್ಲಿ, ಬಾವಿಗೆ ಬಿದ್ದು ಸತ್ತ ಗಂಡ ದಿನಾ ದೀಪ ಹಚ್ಚುವ ಹೊತ್ತಿಗೆ ಬಂದು ಬಾಗಿಲಲ್ಲಿ ರೊಟ್ಟಿ ಕೇಳುತ್ತಾನೆ. ಮೂರನೇ ದಿನ ಹೆಂಡತಿ ಬಾಗಿಲು ತೆರೆಯುತ್ತಾಳೆ, ಅವನು ಅವಳನ್ನು ಬಾವಿಗೆ ಎಳೆದುಕೊಂಡು ಹೋಗುತ್ತಾನೆ. ಊರೆಲ್ಲ ಮೊಬೈಲಿನಲ್ಲಿ ನೋಡಿದ್ದು ಅದನ್ನೇ. ಸೋಮವಾರ ಕೊನೆ ಬದಲಾಗಿತ್ತು.

"ಆಕಿ ನಾಕು ರೊಟ್ಟಿ ಗಂಟು ಕಟ್ಟಿದ್ಲು," ಎನ್ನುತ್ತಿದ್ದಳು ಮರೆವ್ವ. "ಹಿತ್ತಲ ಬಾಗಿಲಲೆ ಹೊಂಟ್ಲು. ತಾನಾಗೇ ಹೊಂಟ್ಲು. ಒಳಗ ಮಲಗಿದಾಕಿ ಏಳಬಾರ್ದಂತ ಕಾಲಿನ ಸಪ್ಪಳ ಮಾಡದಂಗ ಹೊಂಟ್ಲು."

ಅಲ್ಲಿ ಮಾತ್ರ ಹೂಂ ಬರಲಿಲ್ಲ.

ಒಳಗೆ ಮಲಗಿದ್ದವಳು ಎಂದರೆ ಯಾರು? ಮೊದಲನೇ ಸಲದ ಕಥೆಯಲ್ಲಿ ಆ ಮನೆಯಲ್ಲಿ ಇನ್ನೊಬ್ಬರು ಇರಲಿಲ್ಲ. ಕಥೆ ಹೇಳುವವರು ಉಪ್ಪುಖಾರ ಹಚ್ಚುವುದು ಇದ್ದದ್ದೇ ಎಂದುಕೊಂಡು ಮುಂದೆ ಹೋದೆ.

"ಆ ಮೂಲೆಯಲ್ಲಿ ಏನದು? ದೊಡ್ಡದು ಮಾಡು."

ಪರದೆಯ ಬುಡದಲ್ಲಿ ಒಂದು ಕಾಗದದ ಕವರು. ರೊಟ್ಟಿಯ ಅಂಚು ಹೊರಗೆ ಇಣುಕುತ್ತಿತ್ತು. ಕವರಿನ ಮೇಲೆ ಕೆಂಪು ಅಕ್ಷರ: ಮಾಳಿಂಗರಾಯ ಖಾನಾವಳಿ, ಅತ್ತಿಬೆಲೆ.

"ನಿಮ್ಮವ್ವ ಖಾನಾವಳಿ ರೊಟ್ಟಿ ತಿಂತಾಳೇನವಾ?"

"ಬಾಯಿಗೆ ಇಡಂಗಿಲ್ರಿ," ಎಂದಳು ಲಕ್ಷ್ಮವ್ವ. ಅವಳ ಕಣ್ಣು ಆ ಕೆಂಪು ಅಕ್ಷರದ ಮೇಲೇ ಇತ್ತು.

"ಹಾಗಾದರೆ ತಂದವನು ನಿಮ್ಮಪ್ಪ. ಅಲ್ಲೇ ಕೆಲಸಕ್ಕಿದ್ದಾನೆ, ಇಲ್ಲ ಅಲ್ಲೇ ಉಣ್ಣುತ್ತಾನೆ. ನಿಮ್ಮವ್ವನೂ ಅಲ್ಲೇ ಇರ್ತಾಳೆ."

"ನಾ ಹೋಗ್ತೀನ್ರಿ ಅಕ್ಕಾರ."

ಕಕ್ಷಿದಾರರನ್ನು ಒಬ್ಬರನ್ನೇ ಮುಂದೆ ಕಳಿಸಬಾರದು. ಅದು ನಾನೇ ಮಾಡಿಕೊಂಡ ನಿಯಮ. ಆದರೆ ಎರಡು ವರ್ಷದ ಹಿಂದೆ ಸತ್ತ ಅಪ್ಪ ಬದುಕಿದ್ದಾನೆಂದು ತಿಳಿದ ಮಗಳಿಗೆ ಸ್ವಲ್ಪ ತಾಳು ಎಂದು ಯಾವ ಬಾಯಲ್ಲಿ ಹೇಳುವುದು? ಅವಳಿಗಾಗಿ ನನಗೆ ನಿಜಕ್ಕೂ ಸಂತೋಷವಾಗಿತ್ತು. ಜೊತೆಗೆ ನನಗೆ ವರ್ತೂರಿನಲ್ಲಿ ಒಂದು ಕೆಲಸವಿತ್ತು. ಸ್ಫೂರ್ತಿ ಕ್ಯಾಬ್ ಬುಕ್ ಮಾಡಿದಳು. ಮೂರೂಮುಕ್ಕಾಲಕ್ಕೆ ಲಕ್ಷ್ಮವ್ವ ಹೊರಟಳು. ಲಿಫ್ಟಿನ ಬಾಗಿಲು ಮುಚ್ಚುವ ತನಕ ನಾನು ಕೈ ಬೀಸುತ್ತಿದ್ದೆ.

*

ವರ್ತೂರಿನ ಕೆಲಸದ ಹೆಸರು ರೇವಣಸಿದ್ದ. ಹನುಮೇಶ ಬಿದ್ದ ಕಟ್ಟಡದ ಮೇಸ್ತ್ರಿ. ಮುದಕಪ್ಪನ ಕುಟುಂಬವನ್ನು ಊರಿನಿಂದ ಕೆಲಸಕ್ಕೆ ಕರೆತಂದವನು ಅವನೇ. ಮುದಕಪ್ಪ ಕೆರೆಗೆ ಬಿದ್ದದ್ದನ್ನು ಕಣ್ಣಾರೆ ಕಂಡೆ ಎಂದವನೂ ಅವನೊಬ್ಬನೇ.

ನಾನು ಹೋದಾಗ ಐದೂಕಾಲು. ಕಟ್ಟಡದ ಕೆಳಗೆ, ಇನ್ನೂ ಲಿಫ್ಟು ಕೂರಿಸದ ಗುಂಡಿಯ ಮುಂದೆ ಒಡೆದ ತೆಂಗಿನಕಾಯಿ, ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದವು. ಹನುಮೇಶನನ್ನು ದೆವ್ವ ದೂಡಿತು ಎಂದು ಎರಡು ವರ್ಷದಿಂದ ಪ್ರತಿ ಅಮಾವಾಸ್ಯೆಗೆ ಕೆಲಸದವರು ಇಲ್ಲಿ ಪೂಜೆ ಮಾಡುತ್ತಾರೆ.

ರೇವಣಸಿದ್ದ ಸಿಮೆಂಟಿನ ಶೆಡ್ಡಿನಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. ಐವತ್ತು ದಾಟಿದ ಗಟ್ಟಿ ಆಳು. ನನಗೊಂದು ಕುರ್ಚಿ ಒರೆಸಿ ಕೊಟ್ಟ.

"ಸೋಮವಾರ ಸಂಜೆ ಎಲ್ಲಿದ್ದಿರಿ?"

"ಪೀಣ್ಯದಾಗ ಮೇಡಂ. ಕಬ್ಬಿಣ ಲೋಡ್ ಮಾಡಿಸಾಕ ಹೋಗಿದ್ದೆ. ಬರೋದ್ರಾಗ ಹತ್ತು ಗಂಟಿ ಆತು."

"ಮರೆವ್ವ ಎಲ್ಲಿಗೆ ಹೋದಳು ಅಂತೀರಿ?"

"ನಾವೇನ್ ಹೇಳೋದ್ರಿ. ಗಂಡ ಹೋದ ಕೆರೆ, ಹೆಂಡ್ತಿನೂ ಕರೀತು. ಆ ಕಥಿ ಹೇಳಬ್ಯಾಡವಾ, ದೆವ್ವನ್ನ ಕರದಂಗ ಆಗ್ತದ ಅಂತ ಬಡಕೊಂಡೆ. ಕೇಳಲಿಲ್ಲ."

"ಆ ಕಥೆ ನನಗೂ ಬರುತ್ತೆ. ಹೇಳಲಾ?"

ಅಡಿಕೆ ಕತ್ತರಿಸುವ ಕೈ ನಿಂತಿತು. "ಹಗಲೊತ್ತಿನಾಗ ಕಥಿ ಹೇಳಬಾರ್ದು ಮೇಡಂ. ದಾರಿಯಾಗಿದ್ದವ್ರು ದಾರಿ ತಪ್ಪತಾರ."

"ತಪ್ಪಲಿ ಬಿಡಿ, ಬೆಂಗಳೂರಲ್ಲಿ ಕಥೆ ಹೇಳದೇನೇ ತಪ್ಪುತ್ತಾರೆ."

ಅವನು ನಕ್ಕ. ನಾನು ಶುರುಮಾಡಿದೆ. ಒಂದೂರಿನಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ ಇದ್ದರು.

"ಹೂಂ," ಎಂದ. ಅನ್ನಬೇಕೆಂದು ಅಂದದ್ದಲ್ಲ, ತಾನಾಗಿ ಬಂತು. ಕಥೆ ಕೇಳಿ ಬೆಳೆದವರ ಬಾಯಿ ಹಾಗೆಯೇ. ಇವನ ಹೂಂ ಬೇರೆ, ಮೂಗಿನದು. ಟೇಪಿನದಲ್ಲ. ಅದು ನನಗೆ ಮೊದಲೇ ಗೊತ್ತಿತ್ತು.

ಗಂಡ ಬಾವಿಗೆ ಬಿದ್ದ. ಹೂಂ. ದೀಪ ಹಚ್ಚುವ ಹೊತ್ತಿಗೆ ಬಂದು ರೊಟ್ಟಿ ಕೇಳಿದ. ಹೂಂ. ಆರಾಮಾಗಿ ಹೇಳಿದೆ, ನಮ್ಮವ್ವ ಹೇಳುತ್ತಿದ್ದ ಹಾಗೆ ನಡುನಡುವೆ ನಿಲ್ಲಿಸುತ್ತ. ಅವನು ಅಡಕತ್ತರಿಯನ್ನು ಕೆಳಗಿಟ್ಟು ಮಂಡಿ ತಬ್ಬಿಕೊಂಡ.

"ಮೂರನೇ ದಿನ ಅವಳು ಮುಂಬಾಗಿಲು ತೆರೆದಳು. ಬರಿಗೈಯಲ್ಲಿ ತಾನಾಗೇ ಅವನ ಹಿಂದೆ ಹೊರಟಳು."

"ಇಲ್ರಿ," ಎಂದ ರೇವಣಸಿದ್ದ. "ಹಿತ್ತಲ ಬಾಗಿಲಲೆ. ರೊಟ್ಟಿ ಗಂಟು ಕಟ್ಟಿಕೊಂಡು."

ಒಂದು ಕಥೆಯನ್ನು ಮನಸ್ಸಿಟ್ಟು ಕೇಳಿದವರಿಗೆ ಅದನ್ನು ಯಾರಾದರೂ ತಪ್ಪು ಹೇಳಿದರೆ ಸಹಿಸುವುದಕ್ಕೆ ಆಗುವುದಿಲ್ಲ. ಕೋರ್ಟಿನಲ್ಲಿ ಬಾಯಿ ಬಿಡದವನೂ ಅಲ್ಲಿ ಬಾಯಿ ಬಿಡುತ್ತಾನೆ. ನಾನು ನಂಬಿ ಕೂತಿದ್ದು ಇದನ್ನೇ.

"ಮೊಬೈಲಲ್ಲಿ ಬಂದ ಕಥೆಯಲ್ಲಿ ದೆವ್ವ ಅವಳನ್ನ ಬಾವಿಗೆ ಎಳೆದುಕೊಂಡು ಹೋಗುತ್ತೆ ರೇವಣಸಿದ್ದಪ್ಪ. ಹಿತ್ತಲ ಬಾಗಿಲು, ರೊಟ್ಟಿ ಗಂಟು ಬಂದಿದ್ದು ಸೋಮವಾರ ಮಾತ್ರ. ಅದು ಇನ್ನೂ ಆ ಹುಡುಗಿಯ ಮನೆ ಬಿಟ್ಟು ಹೊರಗೆ ಬಂದಿಲ್ಲ. ಪೀಣ್ಯದಲ್ಲಿ ನಿಂತು ಹೇಗೆ ಕೇಳಿಸಿಕೊಂಡಿರಿ?"

ಅವನು ನನ್ನನ್ನು ನೋಡಿದ. ಕೋಪವಿರಲಿಲ್ಲ, ಭಯವೂ ಇರಲಿಲ್ಲ. ದೊಡ್ಡ ಮೂಟೆ ಇಳಿಸಿದವನ ಹಾಗೆ ಉಸಿರು ಬಿಟ್ಟ.

"ತಗಡಿನ ಹೊರಗ ನಿಂತಿದ್ದೆ," ಎಂದ. "ಯಾರೂ ಬರದಂಗ ಕಾಯಾಕ."

"ಮುದಕಪ್ಪ ಬದುಕಿದ್ದಾನೆ."

"ಅದಾನ. ಆ ಚಪ್ಪಲಿ, ಟವೆಲ್ಲು ದಂಡಿಗಿಟ್ಟಾಂವ ನಾನೇ. ಬೈಕಿನ ಮ್ಯಾಲ ಅತ್ತಿಬೆಲೆಗೆ ಬಿಟ್ಟು ಬಂದಾಂವನೂ ನಾನೇ. ಖಾನಾವಳ್ಯಾಗ ರೊಟ್ಟಿ ಹಿಟ್ಟು ನಾದತಾನ."

"ಇಷ್ಟು ದಿನ ಇಲ್ಲದವನು ಈಗ ಯಾಕೆ ಬಂದ?"

"ಆ ಸಿನಿಮಾ ನೋಡಿದ ಮೇಡಂ. ಖಾನಾವಳ್ಯಾಗ ಯಾರೋ ಮೊಬೈಲ್ ತೋರಿಸಿದ್ರು. ಹೆಂಡ್ತಿ ಬೋಳು ಕೈಯಾಗ ಕುಂತು ಕಥಿ ಹೇಳಾಕತ್ತಾಳ, ಹೂಂ ಅನ್ನಾಕ ಒಂದು ನರಪಿಳ್ಳಿ ಇಲ್ಲ. ಎರಡು ದಿನ ಉಣಲಿಲ್ಲ. ಆಕಿನ್ನ ಒಬ್ಬಾಕಿನ್ನೇ ಬಿಟ್ಟುಬಿಟ್ಟಾರ, ನಾ ಹೋಗಬೇಕು ಅಂತ ಹಟ ಹಿಡದ. ಮೊದ್ಲ ಗುಟ್ಟಾಗಿ ಬಂದು ಬಳಿ ಇಡಿಸಿದ. ಸೋಮವಾರ ಕರಕೊಂಡು ಹೋದ."

ಸ್ಫೂರ್ತಿ ಕಸವೆಂದು ಗುಡಿಸಿ ಹಾಕಿದ ಹೂಂ ಸತ್ತವನನ್ನು ಎಬ್ಬಿಸಿ ತಂದಿತ್ತು. ಮರೆವ್ವ ಕ್ಷೇಮವಾಗಿದ್ದಾಳೆ. ಗಂಡನ ಜೊತೆ ಇದ್ದಾಳೆ. ಇನ್ನು ಇವನಿಗೆ ಎರಡು ಮಾತು ಬೈದು ಮನೆಗೆ ಹೋಗಬಹುದು ಅನ್ನಿಸಿತು.

"ಇದನ್ನ ಆ ಮಗಳಿಗೆ ಮೊದಲೇ ಹೇಳಬಾರದಿತ್ತಾ? ಎರಡು ವರ್ಷ ಅತ್ತಿದ್ದಾಳೆ ಅವಳು."

"ಮಗಳಿಗಾ?"

ರೇವಣಸಿದ್ದ ಎದ್ದು ಶೆಡ್ಡಿನ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡ. ದನಿ ತಗ್ಗಿಸಿದ.

"ಆತ ಯಾರಿಗಂಜಿ ಅಡಗ್ಯಾನ ಅಂತ ತಿಳಕೊಂಡೀರಿ ಮೇಡಂ? ನನಗಾ? ಹನುಮೇಶ ಐದನೇ ಮಾಳಗಿಯಿಂದ ಬಿದ್ದಾಗ ಆತನ ಹಿಂದ ಯಾರು ನಿಂತಿದ್ರು ಅನ್ನೋದು ಕಂಡಾಂವ ಮುದಕಪ್ಪ ಒಬ್ಬನ. ದೂಡಿದ್ದು ದೆವ್ವ ಅಲ್ಲ. ಆತನ ಮಗಳು."

ಹೊರಗೆ ಯಾರೋ ಕಬ್ಬಿಣದ ಸರಳು ಇಳಿಸುತ್ತಿದ್ದರು.

"ಸುಳ್ಳು," ಎಂದೆ.

"ಸುಳ್ಳಾದ್ರ ಚಲೋನ ಇತ್ತು. ಪೊಲೀಸರ ಮುಂದ ಹೇಳಿದ್ರ ಮಗಳು ಜೈಲಿಗೆ ಹೋಗ್ತಾಳ. ಹೇಳದ ಆಕಿ ಮುಂದ ಕುಂತು ಉಣ್ಣಾಕ ಆಗವಲ್ದು. ಅಪ್ಪ ನೋಡ್ಯಾನ ಅನ್ನೋದು ಆಕಿಗೂ ತಿಳೀತು. ಹದಿನೈದು ದಿನದಾಗ ಎರಡು ಸಲ ಆತನ ಅನ್ನದಾಗ ಏನೋ ಬಿತ್ತು. ಆತ ನನ್ನ ಕಾಲು ಹಿಡಕೊಂಡ, ನನ್ನ ಸಾಯಿಸಿಬಿಡಪ್ಪ ಅಂದ. ನಾ ದೆವ್ವಿನ ಕಥಿ ಕಟ್ಟಿದೆ, ಕೆರಿ ಕಥಿ ಕಟ್ಟಿದೆ. ಇಷ್ಟರ ಮ್ಯಾಲ ನಿಮಗ ಬಿಟ್ಟಿದ್ದು."

ಒಳಗೆ ಮಲಗಿದಾಕಿ ಏಳಬಾರ್ದಂತ. ಮರೆವ್ವ ಮಗಳ ಬಗ್ಗೆ ಅದನ್ನು ಕ್ಯಾಮೆರಾ ನೋಡಿಕೊಂಡೇ ಹೇಳಿದ್ದಳು. ಗಂಡನಿಗೆ ಹೂಂ ಅನ್ನಲು ಆಗಿರಲಿಲ್ಲ. ಮೂವತ್ತೊಂದು ವರ್ಷದ ಕಿವಿ ಎಂದು ಮೆರೆದ ನಾನು ಅದನ್ನು ಉಪ್ಪುಖಾರ ಎಂದು ದಾಟಿ ಹೋಗಿದ್ದೆ. ಲಕ್ಷ್ಮವ್ವ ದಾಟಿ ಹೋಗಿರಲಿಲ್ಲ. ಸತ್ತ ಅಪ್ಪನ ದನಿ ಕೇಳಿದ ಮಗಳು ಹೇಗೆ ಬದುಕಿದ ಎಂದು ಕೇಳಬೇಕಿತ್ತು. ಅವಳು ಕೇಳಿದ್ದು ಎಲ್ಲಿದ್ದಾನೆ ಎಂದು.

ಎಲ್ಲಿದ್ದಾನೆ ಎಂದು ಹೇಳಿ, ಗಾಡಿ ಮಾಡಿಸಿ, ಕೈ ಬೀಸಿ ಕಳಿಸಿದವಳು ನಾನು.

ರೇವಣಸಿದ್ದ ಹೇಳಿದ್ದೆಲ್ಲ ಸುಳ್ಳಿರಬಹುದು. ಇವನೇ ದೂಡಿ ಅವಳ ಮೇಲೆ ಹಾಕುತ್ತಿರಬಹುದು. ಆದರೆ ಅದನ್ನು ತೀರ್ಮಾನಿಸುವಷ್ಟು ಹೊತ್ತು ನನ್ನ ಕೈಯಲ್ಲಿರಲಿಲ್ಲ.

"ಮುದಕಪ್ಪನ ಹತ್ತಿರ ಫೋನ್ ಇದೆಯಾ?"

"ಇಲ್ರಿ. ಯಾಕ?"

ಲಕ್ಷ್ಮವ್ವನ ನಂಬರ್ ಒತ್ತಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಒತ್ತಿದೆ. ಸರ್ಜಾಪುರದ ಕಡೆ ಟ್ರಾಫಿಕ್ಕು ನಿಂತಿರಲಿ, ಡ್ರೈವರಿಗೆ ಹೊಸ ರಸ್ತೆಯಾಗಿರಲಿ. ಹಗಲಲ್ಲಿ ಕಥೆ ಹೇಳಿದರೆ ದಾರಿಯಲ್ಲಿದ್ದವರು ದಾರಿ ತಪ್ಪುತ್ತಾರೆ ಎಂಬುದು ಇದೊಂದು ಸಲ ನಿಜವಾಗಲಿ ಎಂದು ಬೇಡಿಕೊಂಡೆ. ದೆವ್ವ ಭೂತ ನಂಬದವಳು, ಆ ಲಿಫ್ಟಿನ ಗುಂಡಿಯ ಮುಂದಿನ ನಿಂಬೆಹಣ್ಣಿನ ಕಡೆ ನೋಡಿಕೊಂಡು ಬೇಡಿಕೊಂಡೆ.

ನಾಲ್ಕನೇ ಸಲಕ್ಕೆ ಎತ್ತಿದಳು. ಹೊರಗೆ ಬೆಳಕು ಇಳಿದಿತ್ತು, ಶೆಡ್ಡುಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು.

"ಲಕ್ಷ್ಮವ್ವಾ, ಎಲ್ಲಿದೀಯವಾ? ಅಲ್ಲೇ ನಿಲ್ಲು. ನಾನು ಬರೋ ತನಕ ಒಳಗೆ ಹೋಗಬೇಡ."

"ಮುಟ್ಟಿದೆ ರೀ ಅಕ್ಕಾರ." ಅವಳ ದನಿ ತಣ್ಣಗಿತ್ತು. "ಖಾನಾವಳಿ ಹಿತ್ತಲ ಬಾಗಿಲದಾಗ ನಿಂತೀನಿ. ಒಳಗ ಅವ್ವ ಕಥಿ ಹೇಳಾಕತ್ತಾಳ."

ಅವಳು ಫೋನನ್ನು ಬಾಗಿಲಿಗೆ ಹಿಡಿದಿರಬೇಕು. ದೂರದಲ್ಲಿ ಮರೆವ್ವನ ದನಿ ಕೇಳಿತು, ಮಾತು ತಿಳಿಯಲಿಲ್ಲ. ಆಮೇಲೆ ಸಣ್ಣಗೆ ಗಂಟಲು ಕೆರೆದ ಸದ್ದು.

"ಹೂಂ."

ಅದರ ಮೇಲೆ ಬಾಗಿಲ ಚಿಲಕ ಸರಿದ ಸದ್ದು ಕೇಳಿತು, ಫೋನು ಕಟ್ಟಾಯಿತು.